ಇಪ್ಪತ್ತನಾಲ್ಕು ಪೆಟ್ಟಿಗೆಗಳ ಸರದಿ

ನಮ್ಮ ಕೇಂದ್ರಕ್ಕೆ ಹೊಸದಾಗಿ ಬಂದವರಿಗೆ ಎರಡನೇ ಮಹಡಿಯ ಮೂಲೆಯ ಕೋಣೆಯನ್ನು ನಾನೇ ತೋರಿಸಬೇಕು. ಬೇರೆ ಯಾರಾದರೂ ತೋರಿಸಿದರೆ ನನಗೆ ಸಮಾಧಾನವಿಲ್ಲ. ಏನಾದರೊಂದು ತಪ್ಪು ಹೇಳುತ್ತಾರೆ, ಇಲ್ಲವೇ ಅರ್ಧ ಹೇಳಿ ಟೀ ಕುಡಿಯಲು ಕರೆದುಕೊಂಡು ಹೋಗಿಬಿಡುತ್ತಾರೆ.

ಇದು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ, ಕಡಲೆಕಾಯಿ ಹೊಲಗಳ ನಡುವೆ ಇದೆ. ಹೊರಗಿನಿಂದ ನೋಡಿದರೆ ಯಾವುದೋ ಸರ್ಕಾರಿ ಗೋದಾಮು ಅನ್ನಬೇಕು. ಒಳಗೆ ಆ ಕೋಣೆಯಲ್ಲಿ ಎರಡು ಕಬ್ಬಿಣದ ಸ್ಟ್ಯಾಂಡುಗಳಲ್ಲಿ ಇಪ್ಪತ್ತನಾಲ್ಕು ಕಂಪ್ಯೂಟರುಗಳನ್ನು ಒಂದರ ಮೇಲೊಂದು ಜೋಡಿಸಿ, ತಂತಿಗಳಿಂದ ಹೆಣೆದಿದ್ದಾರೆ. ಅವಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ನಾನು ಅವನ್ನು ಪೆಟ್ಟಿಗೆಗಳು ಎನ್ನುತ್ತೇನೆ. ಎಲ್ಲ ಸೇರಿದರೆ ಒಂದು ಕ್ಲಸ್ಟರ್. ಒಬ್ಬರ ಮೇಜಿನ ಮೇಲಿನ ಕಂಪ್ಯೂಟರು ಇಡೀ ವರ್ಷ ತಿಣುಕುವ ಲೆಕ್ಕವನ್ನು ಇವು ಹಂಚಿಕೊಂಡು ಕೆಲವೇ ದಿನಗಳಲ್ಲಿ ಮಾಡಿ ಬಿಸಾಡುತ್ತವೆ.

ಯಾರ ಲೆಕ್ಕ ಎಂದರೆ, ಎಲ್ಲರದೂ. ಸಿದ್ದರಬೆಟ್ಟದ ಔಷಧಿ ಗಿಡಗಳಲ್ಲಿ ಏನೇನಿದೆ ಎಂದು ಹುಡುಕುವ ಸಸ್ಯಶಾಸ್ತ್ರದ ಮೇಡಂ ಇದ್ದಾರೆ. ಹುಲಿಕುಂಟೆ ಕಡೆಯ ಕುರಿಗಳ ವಂಶಾವಳಿ ಬಿಡಿಸುವ ತಂಡವೊಂದಿದೆ. ಪಾವಗಡದ ಬಿಸಿಲನ್ನು ಇನ್ನಷ್ಟು ಚೆನ್ನಾಗಿ ಹಿಡಿಯುವ ವಸ್ತು ಯಾವುದೆಂದು ತಲೆ ಕೆಡಿಸಿಕೊಂಡಿರುವ ಭೌತಶಾಸ್ತ್ರದ ಪ್ರೊಫೆಸರರಿದ್ದಾರೆ. ಇವರೆಲ್ಲ ಡಾಕ್ಟರೇಟ್ ಮಾಡಿದವರು, ಇಲ್ಲವೇ ಮಾಡುತ್ತಿರುವವರು. ನಾನು ಮಧುಗಿರಿಯಲ್ಲಿ ಡಿಪ್ಲೊಮಾ ಓದಿದವಳು. ಆದರೂ ನಾನು ಬೆಳಿಗ್ಗೆ ಬಂದು ಒಂದು ಸುತ್ತು ನೋಡಿ ಸರಿ ಎನ್ನದಿದ್ದರೆ ಇವರಲ್ಲಿ ಯಾರ ಸಂಶೋಧನೆಯೂ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ನನ್ನ ಹುದ್ದೆಗೊಂದು ಉದ್ದನೆಯ ಹೆಸರಿದೆ. ಜನ ಕರೆಯುವುದು ಕ್ಲಸ್ಟರ್ ಮೇಡಂ ಎಂದೇ.

ಕ್ಲಸ್ಟರಿಗೆ ಒಂದೇ ಕಾನೂನು, ಸರದಿ. ನಿಮ್ಮ ಲೆಕ್ಕವನ್ನು ನಿಮ್ಮ ಮೇಜಿನಿಂದಲೇ ಕಳಿಸಬೇಕು. ಅದಕ್ಕೆ ನಾವು ಜಾಬ್ ಎನ್ನುತ್ತೇವೆ. ಎಷ್ಟು ಪೆಟ್ಟಿಗೆ ಬೇಕು, ಎಷ್ಟು ದಿನ ಬೇಕು ಎಂದು ಬರೆಯಬೇಕು. ಪೆಟ್ಟಿಗೆಗಳು ಖಾಲಿಯಾದಂತೆ ಜಾಬ್‌ಗಳು ಒಳಗೆ ಹೋಗುತ್ತವೆ. ಮೊದಲು ಬಂದವರಿಗೆ ಮೊದಲು. ಒಮ್ಮೆ ತುಂಬಾ ಮೇಲಿನವರೊಬ್ಬರು ಫೋನ್ ಮಾಡಿ, ತಮ್ಮ ಪರಿಚಯದವರದನ್ನು ಸ್ವಲ್ಪ ಮುಂದೆ ತಳ್ಳಿ ಎಂದರು. ಸರದಿ ಸಾರ್ ಎಂದೆ. ಇನ್ನೊಂದು ಸಲ ಹೇಳಿದರು. ಇನ್ನೊಂದು ಸಲ ಸರದಿ ಸಾರ್ ಎಂದೆ. ಆಮೇಲೆ ಫೋನ್ ಬರಲಿಲ್ಲ. ಆ ದಿನ ಬಡವನಹಳ್ಳಿಯ ನಮ್ಮ ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಕೂತಿದ್ದ ಗತ್ತನ್ನು ಯಾರಾದರೂ ನೋಡಬೇಕಿತ್ತು.

ಬಸ್ಸಿನ ಮಾತು ಬಂತು. ನಮ್ಮಪ್ಪ ಮಧುಗಿರಿ–ಪಾವಗಡ ಮಧ್ಯೆ ಓಡುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ತೂರಿಸಿ ಸೀಟು ಹಿಡಿಯುವ ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರುತ್ತದೆ. ಟವೆಲ್ಲು, ಕರ್ಚೀಫು, ಚೀಲ, ಒಮ್ಮೊಮ್ಮೆ ಮಗುವನ್ನೇ ಇಳಿಸಿಬಿಡುತ್ತಾರೆ. ಟವೆಲ್ ಹಾಕಿದವನು ಹೊರಗೆ ನಿಂತು ಆರಾಮವಾಗಿ ಬೀಡಿ ಎಳೆಯುತ್ತಿರುತ್ತಾನೆ, ಒಳಗೆ ಮುದುಕಿಯೊಬ್ಬಳು ಕಂಬಿ ಹಿಡಿದು ನಿಂತಿರುತ್ತಾಳೆ. ಅಪ್ಪನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ರಜೆಯಲ್ಲಿ ಅಪ್ಪನ ಬಸ್ಸಿನಲ್ಲಿ ಓಡಾಡುತ್ತಿದ್ದ ನಾನು, ಅವರು ಟವೆಲ್ ಎತ್ತಿ ಕಿಟಕಿಯಿಂದಾಚೆ ಎಸೆದು ನಿಂತವರನ್ನು ಕೂರಿಸುವುದನ್ನು ಎಷ್ಟು ಸಲ ನೋಡಿದ್ದೇನೋ. ಪ್ರಪಂಚದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತಿತ್ತು.

ನಮ್ಮ ಕ್ಲಸ್ಟರಿನಲ್ಲಿ ಮೊದಲು ಟವೆಲ್ ಹಾಕಿದವರು ಭೌತಶಾಸ್ತ್ರದ ಪ್ರೊಫೆಸರರೇ. ಅವರ ಲೆಕ್ಕ ಇನ್ನೂ ತಯಾರಿರಲಿಲ್ಲ. ಆದರೆ ತಯಾರಾಗುವ ಹೊತ್ತಿಗೆ ಸರದಿ ಉದ್ದವಾಗಿಬಿಟ್ಟರೆ? ಅದಕ್ಕೆ ಏನೂ ಮಾಡದೆ ಸುಮ್ಮನೆ ಮಲಗಿರುವ ಜಾಬ್ ಒಂದನ್ನು ಕಳಿಸಿ ಎಂಟು ಪೆಟ್ಟಿಗೆ ಹಿಡಿದುಕೊಂಡರು. ಪೆಟ್ಟಿಗೆಗಳ ದೀಪ ಮಿನುಗುತ್ತಿತ್ತು, ಒಳಗೆ ಮಾತ್ರ ಏನೂ ನಡೆಯುತ್ತಿರಲಿಲ್ಲ. ಅದನ್ನು ನೋಡಿ ಕುರಿಯವರೂ ಕಲಿತರು. ಸಸ್ಯಶಾಸ್ತ್ರದ ಮೇಡಂ ಅಷ್ಟು ಮೆದು ಮಾತಿನವರು, ಅವರೂ ಎರಡು ಪೆಟ್ಟಿಗೆಗೆ ಕರ್ಚೀಫು ಹಾಕಿದರು. ನಾನು ಪ್ರೊಫೆಸರರ ಕೋಣೆಗೇ ಹೋಗಿ ಕೇಳಿದೆ.

"ಸಾರ್, ಇದು ಕ್ಲಸ್ಟರೋ ಮಧುಗಿರಿ ಬಸ್ ಸ್ಟ್ಯಾಂಡೋ?"

"ಎಲ್ಲಾರೂ ಹಾಕ್ತಾರಲ್ಲ ಮೇಡಂ, ನಾನೊಬ್ನೇ ಸುಮ್ನಿದ್ರೆ ನನಗೆಲ್ಲಿ ಜಾಗ?" ಎಂದು ನಕ್ಕರು.

ಮೈ ಉರಿದುಹೋಯಿತು. ನನಗೆ ಸಿಟ್ಟು ಬಂದರೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತೇನೆ. ಎರಡು ದಿನ ಕೂತು ಚಿಕ್ಕದೊಂದು ಪ್ರೋಗ್ರಾಂ ಬರೆದೆ. ಅದಕ್ಕೆ 'ಕಂಡಕ್ಟರ್' ಎಂದೇ ಹೆಸರಿಟ್ಟೆ. ಅದು ಎಲ್ಲ ಪೆಟ್ಟಿಗೆಗಳನ್ನೂ ಸುತ್ತುತ್ತಿರಬೇಕು. ಹಿಡಿದ ಪೆಟ್ಟಿಗೆಗಳಲ್ಲಿ ಅರ್ಧ ಗಂಟೆ ಯಾವ ಲೆಕ್ಕವೂ ನಡೆಯದಿದ್ದರೆ ಆ ಜಾಬನ್ನು ಎತ್ತಿ ಹೊರಗೆ ಹಾಕಬೇಕು. ಮೊದಲ ವಾರವೇ ಟವೆಲ್ಲುಗಳು ರಪರಪನೆ ಹೊರಗೆ ಬಿದ್ದವು. ಪ್ರೊಫೆಸರರು ಮೂತಿ ತಿರುವಿಕೊಂಡು ಓಡಾಡಿದರು. ನಾನು ಮನೆಯಲ್ಲಿ ಅಪ್ಪನಿಗೆ ದಿನವೂ ವರದಿ ಒಪ್ಪಿಸಿದೆ. ಅವರು ವಯಸ್ಸಾಗಿ ನನ್ನ ಜೊತೆಗೇ ಇದ್ದಾರೆ. ಕ್ಲಸ್ಟರ್ ಎಂದರೇನೆಂದು ಅವರಿಗೆ ಅರ್ಥವಾಗಿದ್ದೇ ಈ ಟವೆಲ್ಲಿನ ಕತೆಯಿಂದ.

ಆ ಸಮಯದಲ್ಲಿ ಒಬ್ಬ ಹುಡುಗಿಯ ಜಾಬ್ ಒಳಗೆ ಓಡುತ್ತಿತ್ತು. ಹುಡುಗಿ ಎಂದರೆ ಮೂವತ್ತು ದಾಟಿದ ಸಂಶೋಧನಾ ವಿದ್ಯಾರ್ಥಿನಿ. ಪಾವಗಡದಿಂದಾಚೆ ಆಂಧ್ರದ ಗಡಿಗೆ ತಾಗಿದ ಹಳ್ಳಿಯವಳು. ಅವಳ ಕನ್ನಡದಲ್ಲಿ ತೆಲುಗು ಹೆಜ್ಜೆಹೆಜ್ಜೆಗೂ ಇಣುಕುತ್ತದೆ. ಆ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಮಂಡಿ ಹಿಡಿಯುತ್ತದೆ. ಬಂಡೆಯ ಯಾವ ಪದರದಿಂದ ಆ ವಿಷ ಹೊರಡುತ್ತದೆ, ಯಾವ ಊರಿನಲ್ಲಿ ಎಷ್ಟು ಆಳಕ್ಕೆ ಕೊರೆದರೆ ಒಳ್ಳೆಯ ನೀರು ಸಿಗಬಹುದು ಎಂಬುದು ಅವಳ ಪ್ರಶ್ನೆ. ಐದು ವರ್ಷ ಊರೂರು ಅಲೆದು ಬಾಟಲಿಗಳಲ್ಲಿ ನೀರು ತುಂಬಿ ತಂದಿದ್ದಳು. ಈಗ ಉಳಿದಿದ್ದು ಕೊನೆಯ ದೊಡ್ಡ ಲೆಕ್ಕವೊಂದೇ. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವಿಗೆ ಹನ್ನೊಂದು ದಿನ ಇತ್ತು. ಆ ದಿನ ದಾಟಿದರೆ ಅವಳ ನೋಂದಣಿಯೇ ರದ್ದು, ಐದು ವರ್ಷದ ಕೆಲಸಕ್ಕೆ ಪದವಿ ಇಲ್ಲ.

ಅವಳು ನಾಲ್ಕೇ ಪೆಟ್ಟಿಗೆ ಕೇಳಿದ್ದಳು, ಅದೂ ಸರದಿಯಲ್ಲಿ ನಿಂತು. ಲೆಕ್ಕ ಆರು ದಿನ ಓಡಿತ್ತು. ಅವತ್ತು ಮಧ್ಯಾಹ್ನ ಅದು ಮುಗಿದು, ಬಂದ ಫಲಿತಾಂಶವನ್ನೆಲ್ಲ ಡಿಸ್ಕಿಗೆ ಬರೆಯಲು ಶುರುಮಾಡಿತು. ನಮ್ಮ ಡಿಸ್ಕು ಹಳೆಯದು, ನಿಧಾನ. ಬರೆಯುವಷ್ಟು ಹೊತ್ತೂ ಪೆಟ್ಟಿಗೆಗಳು ಕೈಕಟ್ಟಿ ಕಾಯುತ್ತಿದ್ದವು. ಅರ್ಧ ಗಂಟೆ ಕಳೆಯಿತು. ನನ್ನ ಕಂಡಕ್ಟರ್ ಬಂದು ನೋಡಿತು. ಇಲ್ಲಿ ಏನೂ ನಡೆಯುತ್ತಿಲ್ಲ ಎಂದುಕೊಂಡು, ಅರ್ಧ ಬರೆದ ಫಲಿತಾಂಶದ ಸಮೇತ ಅವಳ ಜಾಬನ್ನು ಎತ್ತಿ ಎಸೆಯಿತು.

ಆಗ ನಾನು ಕೆಳಗೆ ಕ್ಯಾಂಟೀನಿನಲ್ಲಿ ಮುದ್ದೆ ಉಣ್ಣುತ್ತಾ ಇದೇ ಕಂಡಕ್ಟರನ ಪ್ರತಾಪ ಹೇಳಿಕೊಳ್ಳುತ್ತಿದ್ದೆ.

ಮೇಲೆ ಬಂದು ಅವತ್ತು ಹೊರಬಿದ್ದವರ ಪಟ್ಟಿ ತೆರೆದಾಗ ಅವಳ ಹೆಸರು ಕಂಡಿತು. ಅರ್ಧ ಬರೆದಿದ್ದ ಕಡತವನ್ನು ತೆರೆಯಲು ನೋಡಿದೆ, ತೆರೆಯಲಿಲ್ಲ. ನನಗೆ ಗೊತ್ತಿದ್ದ ಎಲ್ಲ ಉಪಾಯವನ್ನೂ ಮಾಡಿದೆ. ಆರು ದಿನದ ಲೆಕ್ಕದಲ್ಲಿ ಒಂದು ಸಾಲೂ ಕೈಗೆ ಬರಲಿಲ್ಲ.

ಅಷ್ಟರಲ್ಲಿ ಅವಳೇ ಮೆಟ್ಟಿಲು ಹತ್ತಿ ಬಂದಳು.

"ಮೇಡಂ, ನನ್ ಜಾಬ್ ಕಾಣ್ತಿಲ್ಲ. ಕರೆಂಟೇನಾನ ಹೋಗಿತ್ತಾ?"

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಮ್ಮ ಕಡೆ ಕರೆಂಟಿನ ಮೇಲೆ ಹಾಕಿದ ತಪ್ಪನ್ನು ಯಾರೂ ತಿರುಗಿ ಕೇಳುವುದಿಲ್ಲ. ಇಲ್ಲ ಎನ್ನಲೂ ನಾಲಿಗೆ ಹೊರಳಲಿಲ್ಲ. "ನೋಡ್ತೀನಿ ಇರಮ್ಮ" ಎಂದೆ. ಅವಳು "ಸರೇ ಮೇಡಂ" ಎಂದು ಹೋದಳು. ಅಷ್ಟೂ ವರ್ಷ ಯಾರಿಗೂ ಹೆದರದೆ ಸರದಿ ಸಾರ್ ಎಂದಿದ್ದ ಬಾಯಿ ಅದು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸಂಜೆ ಮನೆಯಲ್ಲಿ ಅಪ್ಪ ಎಂದಿನಂತೆ ಕೇಳಿದರು, ಇವತ್ತು ಎಷ್ಟು ಟವೆಲ್ ಎಸೆದೆ ಎಂದು. ನಡೆದದ್ದನ್ನು ಹೇಳಿದೆ. ಅವರು ಟಿ.ವಿ. ಸದ್ದು ತಗ್ಗಿಸಿ ಕೇಳಿದರು.

"ತೆಗೆಯಾಕ್ ಮುಂಚೆ ಯಾರ್ದು ಅಂತ ಕೂಗಿದ್ಯಾ?"

"ಕೂಗೋದೇನಪ್ಪಾ? ನೀನು ಎಸೀತಿರಲಿಲ್ವಾ?"

"ಎಸೀತಿದ್ದೆ ಕಣಮ್ಮ. ಮೂರು ದಪ ಕೂಗಿ ಎಸೀತಿದ್ದೆ. ಯಾವ ಬಸುರಿ ನೀರು ಕುಡಿಯಾಕ್ ಇಳಿದವ್ಳೋ, ಯಾವನು ಕಾಯಿಲೆಯೋರ್ನ ಕರ್ಕಂಬರಾಕ್ ಹೋಗವ್ನೋ ನಂಗೆಂಗ್ ಗೊತ್ತಾಗ್ಬೇಕು? ಯಾರ್ದ್ರಪ್ಪೋ ಈ ಟವಲ್ಲು ಅಂತ ಕೂಗ್ಬೇಕು. ಉತ್ತರ ಬರ್ನಿಲ್ಲ ಅಂದ್ರೆ ತೆಗೀಬೇಕು. ನೀನು ಎಸೆಯೋದ್ ನೋಡ್ಕಂಡೆ, ಕೂಗಿದ್ದು ಕೇಳಿಸ್ಕಂಡಿಲ್ಲ ಬುಡು."

ಅಷ್ಟೇ ಹೇಳಿ ಅವರು ಟಿ.ವಿ. ಕಡೆ ತಿರುಗಿದರು. ಬೈದಿದ್ದರೆ ಜಗಳವಾಡಬಹುದಿತ್ತು.

ಮರುದಿನ ಬೆಳಿಗ್ಗೆ ಅವಳು ಬರುವ ಬಸ್ಸಿಗಾಗಿ ಗೇಟಿನ ಹತ್ತಿರವೇ ಕಾದು ನಿಂತೆ. ಇಳಿದವಳನ್ನು ಪಕ್ಕಕ್ಕೆ ಕರೆದು, "ಕರೆಂಟು ಹೋಗಿರಲಿಲ್ಲ ಕಣಮ್ಮ. ನಿನ್ ಜಾಬ್ ತೆಗೆದುಹಾಕಿದ್ದು ನಾನು" ಎಂದೆ.

"ಗೊತ್ತು ಮೇಡಂ. ನಿನ್ನೇನೇ ಕ್ಲಸ್ಟರ್ ಬರ್ದಿಡೋ ಲಾಗ್‌ನಲ್ಲಿ ನಿಮ್ಮ ಕಂಡಕ್ಟರ್ ಹೆಸ್ರು ನೋಡಿದ್ದೆ."

"ಮತ್ತೆ ಕರೆಂಟು ಅಂತ ಯಾಕೆ ಕೇಳಿದ್ದು?"

"ಮೇಲೆ ಬಂದಾಗ ನಿಮ್ ಮುಖ ಅಂಗಿತ್ತು, ನೀವೇನಾ ಅಂತ ಕೇಳಾಕ್ ಬಾಯಿ ಬರ್ಲಿಲ್ಲ" ಎಂದಳು. ಆಮೇಲೆ ಬೆರಳು ಮಡಚಿ ದಿನ ಎಣಿಸಿದಳು. "ಈಗೇನ್ ಮಾಡೋದು ಮೇಡಂ? ಸರದಿಯಲ್ಲಿ ಹಾಕಿದ್ರೆ ಒಂದು ವಾರ ಆದ್ಮೇಲೆ ಜಾಗ ಸಿಗ್ತೈತೆ. ಆಮೇಲೆ ಆರು ದಿನ ಓಡ್ಬೇಕು. ದೇವುಡಾ, ಆಗಲ್ಲ ಮೇಡಂ."

ನನ್ನ ಕೈಯಲ್ಲಿ ಒಂದು ದಾರಿ ಇತ್ತು. ಒಂದು ಸಾಲು ಬರೆದರೆ ಅವಳ ಜಾಬ್ ಎಲ್ಲರಿಗಿಂತ ಮುಂದೆ ಹೋಗಿ ಕೂರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪ್ಪು ನನ್ನದು, ಸರಿಮಾಡುವುದೂ ನನ್ನ ಕೆಲಸವೇ ಎಂದು ಕುರ್ಚಿಯಲ್ಲಿ ಕೂತು ಆ ಸಾಲು ಬರೆದೂಬಿಟ್ಟೆ. ಆದರೆ ಎಂಟರ್ ಒತ್ತಲಿಲ್ಲ. ಮುಂದೆ ನಿಂತವರನ್ನು ಕೇಳದೆ ಅವರ ಜಾಗ ಕಿತ್ತುಕೊಟ್ಟರೆ ನಾನು ನಿನ್ನೆ ಮಾಡಿದ್ದನ್ನೇ ಇವತ್ತು ಇನ್ನಷ್ಟು ಜನರಿಗೆ ಮಾಡಿದ ಹಾಗೆ. ಬರೆದಿದ್ದನ್ನು ಅಳಿಸಿ, ಕ್ಲಸ್ಟರ್ ಬಳಸುವ ಎಲ್ಲರಿಗೂ ಒಂದು ಮೇಲ್ ಬರೆದೆ. ಯಾವಾಗಲೂ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗುದ್ದಿ ಕಳಿಸುತ್ತಿದ್ದವಳು ಅವತ್ತು ಕನ್ನಡದಲ್ಲಿ ಬರೆದೆ. ನನ್ನ ಪ್ರೋಗ್ರಾಂ ಕೇಳದೆ ಕೊಂದದ್ದು ಒಬ್ಬರ ಆರು ದಿನದ ನಿಜವಾದ ಕೆಲಸವನ್ನು. ತಪ್ಪು ಪೂರ್ತಿ ನನ್ನದು. ಅವರಿಗೆ ಉಳಿದಿರುವುದು ಹತ್ತು ದಿನ. ತಮ್ಮ ಸರದಿಯನ್ನು ಬಿಟ್ಟುಕೊಡಬಲ್ಲವರು ತಿಳಿಸಿ. ಆಗದವರು ಸುಮ್ಮನಿರಿ, ಯಾರಿಗೂ ಬೇಸರವಿಲ್ಲ.

ಕಳಿಸಿದೆ. ಮೊದಲು ಬಂದಿದ್ದು ಉತ್ತರವಲ್ಲ, ಭೌತಶಾಸ್ತ್ರದ ಪ್ರೊಫೆಸರರು. ಬಾಗಿಲಲ್ಲಿ ನಿಂತಿದ್ದರು. ಈಗ ಶುರುವಾಗುತ್ತೆ ಮಂಗಳಾರತಿ ಎಂದುಕೊಂಡೆ.

"ನನ್ನ ಎಂಟು ಪೆಟ್ಟಿಗೆ ತಗೊಳ್ಳಿ" ಎಂದರು.

ನನ್ನ ಹಾಳು ಬಾಯಿ ಆಗಲೂ ಸುಮ್ಮನಿರಲಿಲ್ಲ. "ಟವೆಲ್ಲಾ ಸಾರ್, ನಿಜವಾದ ಕೆಲಸಾನಾ?"

"ಈ ಸಲ ನಿಜದ್ದೇ ಕಣಮ್ಮ. ಐದು ದಿನ ಓಡಿದೆ. ಮತ್ತೆ ಮೊದಲಿಂದ ಓಡಿಸ್ತೀನಿ ಬಿಡಿ, ನನಗೇನು ಗಡುವಿಲ್ಲ. ಆದ್ರೆ ನಾನೇ ನಿಲ್ಲಿಸ್ತೀನಿ. ನಿಮ್ಮ ಕಂಡಕ್ಟರ್ ಕೈಯಲ್ಲಿ ಕುತ್ತಿಗೆ ಹಿಡಿಸ್ಕೊಂಡು ಇಳಿಯಲ್ಲ."

ಅಲ್ಲೇ ಕೂತು ತಮ್ಮ ಕೈಯಿಂದಲೇ ಐದು ದಿನದ ಕೆಲಸವನ್ನು ನಿಲ್ಲಿಸಿದರು. ಇಷ್ಟು ದಿನ ಈ ಮನುಷ್ಯನ ಮೇಲೆ ಹಲ್ಲು ಕಡಿದಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅವರು ಎದ್ದು ಹೋಗುವಷ್ಟರಲ್ಲಿ ಸಸ್ಯಶಾಸ್ತ್ರದ ಮೇಡಂ ಆರು ಪೆಟ್ಟಿಗೆ ಬಿಟ್ಟಿದ್ದರು. ಕುರಿಯವರು ಬರೆದಿದ್ದರು: 'ನಮ್ಮ ಕುರಿಗಳು ಒಂದು ವಾರ ಕಾಯುತ್ತವೆ, ಅವಕ್ಕೇನು ಅವಸರ.' ಸರದಿಯಲ್ಲಿ ನಿಂತಿದ್ದ ಎಂ.ಎಸ್ಸಿ. ಹುಡುಗರು ಒಬ್ಬೊಬ್ಬರೇ ತಮ್ಮ ಜಾಬ್‌ಗಳನ್ನು ಹಿಂದಕ್ಕೆ ತೆಗೆದುಕೊಂಡರು. ಕೊರಟಗೆರೆಯ ಕಾಲೇಜಿನಿಂದ ಅಪರೂಪಕ್ಕೆ ಒಂದು ಪೆಟ್ಟಿಗೆ ಬಳಸುವ ಉಪನ್ಯಾಸಕರೊಬ್ಬರು, ನನ್ನದು ಒಂದೇ ಇದೆ, ಅದನ್ನೂ ಸೇರಿಸಿಕೊಳ್ಳಿ ಎಂದು ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಪರದೆಯ ಮೇಲಿನ ಸರದಿಯ ಪಟ್ಟಿ ಖಾಲಿಯಾಯಿತು. ಎಂಟು ವರ್ಷದಲ್ಲಿ ನಾನು ಅದನ್ನು ಖಾಲಿ ನೋಡಿದ್ದು ಅದೇ ಮೊದಲು. ನಾನು ಕೇಳಿದ್ದು ನಾಲ್ಕು ಪೆಟ್ಟಿಗೆಗೆ ಸಾಕಾಗುವಷ್ಟು ಜಾಗ. ಜನ ಕೊಟ್ಟಿದ್ದು ಇಪ್ಪತ್ತನಾಲ್ಕೂ.

ಅವಳು ಬಂದು ತನ್ನ ಜಾಬನ್ನು ಇಪ್ಪತ್ತನಾಲ್ಕಕ್ಕೆ ಹಂಚಿ ಓಡಿಸಿದಳು. ಅವಸರದಲ್ಲಿ ಎರಡು ಸಲ ತಪ್ಪಾಗಿ ಟೈಪ್ ಮಾಡಿದಳು. ನಾಲ್ಕು ಪೆಟ್ಟಿಗೆಯಲ್ಲಿ ಆರು ದಿನದ ಕೆಲಸ ಈಗ ಒಂದೂವರೆ ದಿನದ್ದಾಯಿತು. ಎಲ್ಲವೂ ಒಟ್ಟಿಗೆ ಪೂರ್ತಿ ದುಡಿಯತೊಡಗಿದ್ದೇ ಕೋಣೆ ಬಿಸಿಯೇರತೊಡಗಿತು. ಶಿರಾದಿಂದ ಎ.ಸಿ. ರಿಪೇರಿಯ ಸಾಹೇಬರನ್ನು ಕರೆಸಿದೆ. ಅವರು ಒಂದು ಸಲ ಒಳಗೆ ಕಾಲಿಟ್ಟು, "ಯಾ ಅಲ್ಲಾ, ಪೂರಾ ಗರಂ ಆಗೈತಲ್ಲ ಮೇಡಂ! ಇಷ್ಟು ಜೋರಾಗಿ ಯಾರ್ದು ಓಡ್ತಾ ಐತೆ?" ಎಂದರು. ಕುಡಿಯುವ ನೀರಿನದು ಎಂದೆ. ಸಾಹೇಬರು ಮತ್ತೇನೂ ಕೇಳದೆ, ಕೆಟ್ಟು ಕೂತಿದ್ದ ಇನ್ನೊಂದು ಎ.ಸಿ.ಯನ್ನೂ ಸರಿಮಾಡಿ ಹಾಕಿಕೊಟ್ಟರು.

ಲೆಕ್ಕ ಮುಗಿದು ಡಿಸ್ಕಿಗೆ ಬರೆಯುವ ಹೊತ್ತು ಮತ್ತೆ ಬಂತು. ಇಪ್ಪತ್ತನಾಲ್ಕು ಪೆಟ್ಟಿಗೆಗಳೂ ಕೆಲಸ ನಿಲ್ಲಿಸಿ ಕಾಯತೊಡಗಿದವು. ಕಂಡಕ್ಟರನ್ನು ನಾನು ಆಗಲೇ ನಿಲ್ಲಿಸಿದ್ದೆ. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಅವಳು ನನ್ನ ಪಕ್ಕ ನಿಂತಿದ್ದಳು. ಅರ್ಧ ಗಂಟೆ ಆಯಿತು, ಮುಕ್ಕಾಲು ಗಂಟೆ ಆಯಿತು. ಕೊನೆಗೆ ಮುಗಿಯಿತು ಎಂಬ ಒಂದು ಸಾಲು ಬಂತು. ಅವಳು ಕಡತ ತೆರೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇಳಿಸಿ ನೋಡಿ, "ಅಂತಾ ಉಂದಿ ಮೇಡಂ, ಎಲ್ಲಾ ಐತೆ" ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಗಡುವಿಗೆ ಎರಡು ದಿನ ಇರುವಾಗ ಪ್ರಬಂಧ ಒಪ್ಪಿಸಿದಳು.

ಕಂಡಕ್ಟರ್ ಈಗಲೂ ಇದೆ. ಯಾವುದೇ ಜಾಬ್ ಸುಮ್ಮನಿದ್ದರೆ, ಇದು ಯಾರದು, ಕೆಲಸ ಇದೆಯೇ ಎಂದು ಮೂರು ಸಲ ಕೇಳುತ್ತದೆ. ಮೂರು ಸಲ ಕೇಳಿ ಕಾದ ಮೇಲೇ ತೆಗೆಯುತ್ತದೆ. ಟವೆಲ್ಲುಗಳು ಪೂರ್ತಿ ನಿಂತಿವೆ ಎಂದರೆ ಸುಳ್ಳಾಗುತ್ತದೆ, ನಾವೂ ನಮ್ಮ ಊರಿನ ಜನರೇ ತಾನೆ. ಆದರೆ ಕೇಳಿದ ತಕ್ಷಣ ನಾಚಿಕೊಂಡು ತೆಗೆಯುತ್ತಾರೆ.

ಕೆಲವು ತಿಂಗಳ ಮೇಲೆ ಅವಳ ಮೌಖಿಕ ಪರೀಕ್ಷೆ ನಡೆಯಿತು. ಯಾರು ಬೇಕಾದರೂ ಬಂದು ಕೂರಬಹುದಾದ ಪರೀಕ್ಷೆ ಅದು. ನಾನು ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪ್ರೊಫೆಸರರು, ಸಸ್ಯಶಾಸ್ತ್ರದ ಮೇಡಂ, ಕುರಿಯವರು, ಎಂ.ಎಸ್ಸಿ. ಹುಡುಗರು ಎಲ್ಲರೂ ಅಕ್ಕಪಕ್ಕದಲ್ಲೇ ಇದ್ದರು. ಬೇರೆ ರಾಜ್ಯದ ದೊಡ್ಡ ಸಂಸ್ಥೆಯೊಂದರಿಂದ ಬಂದಿದ್ದ ಪರೀಕ್ಷಕರು ಕನ್ನಡದವರೇ. ಅವಳ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಲೆಕ್ಕ ತುಂಬಾ ಚೆನ್ನಾಗಿದೆಯಮ್ಮ. ಇದನ್ನ ಎಲ್ಲಿ ಓಡಿಸಿದ್ರಿ? ಬೆಂಗಳೂರಲ್ಲಾ?"

"ಇಲ್ಲೇ ಸಾರ್, ಎರಡನೇ ಮಹಡೀಲಿ. ಇಪ್ಪತ್ತನಾಲ್ಕು ಯಂತ್ರ ಅವೆ."

"ಅದ್ರಲ್ಲಿ ನಿಮಗೆ ಎಷ್ಟು ಕೊಟ್ರು?"

"ಇಪ್ಪತ್ತನಾಲ್ಕೂ ಕೊಟ್ರು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಬ್ಬ ವಿದ್ಯಾರ್ಥಿಗೆ ಪೂರಾ ಕ್ಲಸ್ಟರಾ? ನಮ್ಮಲ್ಲಿ ಎರಡು ಯಂತ್ರಕ್ಕೆ ಎರಡು ತಿಂಗಳು ಕಿತ್ತಾಡ್ತೀವಿ. ಯಾರ ಆರ್ಡರ್ ಮೇಲೆ ಕೊಟ್ರು?"

ಅವಳು ಪರೀಕ್ಷಕರನ್ನು ಬಿಟ್ಟು ನಮ್ಮ ಕಡೆ ತಿರುಗಿದಳು.

"ಆರ್ಡರ್ ಯಾರ್ದೂ ಇಲ್ಲ ಸಾರ್. ಕೇಳಿದ್ವಿ, ಎದ್ದು ಜಾಗ ಕೊಟ್ರು. ಹಿಂದೆ ಕೂತವ್ರಲ್ಲ, ಇವ್ರೇ."

ಪರೀಕ್ಷಕರು ಎದ್ದು ನಿಂತು ನಮ್ಮೆಲ್ಲರನ್ನೂ ಒಂದು ಸಲ ನೋಡಿದರು. ಪ್ರೊಫೆಸರರು ತಲೆ ತಗ್ಗಿಸಿ ಮೊಬೈಲ್ ಒತ್ತುತ್ತಿರುವ ಹಾಗೆ ನಟಿಸಿದರು, ಅದರ ಪರದೆ ಆರಿತ್ತು. ನಾನು ನಟಿಸಲಿಲ್ಲ. ಹೊಸ ಸೀರೆಯ ಸೆರಗಿನಲ್ಲೇ ಮೂಗು ಒರೆಸಿಕೊಂಡು, ತಲೆ ಎತ್ತಿ, ಅವರು ನೋಡಿ ಮುಗಿಸುವವರೆಗೂ ಹಾಗೇ ಕೂತಿದ್ದೆ.